ಗೆಳೆಯನಿಗೊಂದು ಪತ್ರ: ಕೊರೊನಾಡೊ ಹೋದ ದಾರಿ ಯಾವುದು?

ಪ್ರಿಯ ಶ್ರೀಧರ,

ಹದಿನಾರನೆಯ ಶತಮಾನದಲ್ಲಿ ಉತ್ತರ ಅಮೆರಿಕಕ್ಕೆ ದಂಡೆತ್ತಿ ಹೋದ ಸ್ಪೇನಿನ ನಾಯಕ ಕೊರೊನಾಡೊನ ದಂಡು ಸಾಗಿದ ದಾರಿಯನ್ನು ನಕ್ಷೆಯ ಮೇಲೆ ಒಂದು ಗೆರೆಯಾಗಿ ಎಳೆದು ಕಳಿಸು ಎಂದು ನೀನು ಕೇಳಿದ್ದೆ. ಅಂಥ ಗೆರೆ ಎಳೆದವರಿಗೆ ಕೊರತೆಯಿಲ್ಲ. ಒಬ್ಬರು ಎಳೆದದ್ದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಅಷ್ಟೆ. ನಾನು ಗುರುತಿಸಬಲ್ಲುದು ಕೆಲವು ಚುಕ್ಕಿಗಳನ್ನು ಮಾತ್ರ. ಅವುಗಳ ನಡುವಣ ಜಾಗವನ್ನು ಖಾಲಿ ಬಿಡುವುದೇ ಸರಿ ಎಂದು ನನಗೆ ತೋರುತ್ತದೆ. ಏಕೆಂಬುದನ್ನು ವಿವರವಾಗಿ ಬರೆಯುತ್ತೇನೆ.

ಚಿನ್ನದ ಏಳು ನಗರಗಳ ಸುದ್ದಿಯನ್ನು ನಂಬಿ 1540ರ ಫೆಬ್ರವರಿಯಲ್ಲಿ ಮೆಕ್ಸಿಕೊದ ಪಶ್ಚಿಮ ಭಾಗದ ಕೊಂಪೊಸ್ಟೆಲಾದಿಂದ ಹೊರಟ ಈ ದಂಡಿನಲ್ಲಿ ಕೆಲವು ನೂರು ಯುರೋಪಿಯನ್ನರೂ ಅವರಿಗಿಂತ ಬಹಳ ಹೆಚ್ಚು ಸಂಖ್ಯೆಯ ಮೆಕ್ಸಿಕೊದ ಮೂಲನಿವಾಸಿ ಯೋಧರೂ ಇದ್ದರು. ಜುಲೈನಲ್ಲಿ ಅವರು ತಲುಪಿದ್ದು ಈಗಿನ ನ್ಯೂ ಮೆಕ್ಸಿಕೊದಲ್ಲಿರುವ, ಝೂನಿ ಮೂಲನಿವಾಸಿಗಳ ಹಾವಿಕು ಎಂಬ ಊರನ್ನು. ಅಲ್ಲಿ ಕಲ್ಲು ಮಣ್ಣಿನ ಮನೆಗಳಿದ್ದವು, ಚಿನ್ನವಿರಲಿಲ್ಲ. ಹಾವಿಕುವಿನ ಅವಶೇಷಗಳು ಇಂದಿಗೂ ಉಳಿದಿರುವುದರಿಂದ ಅಲ್ಲೊಂದು ಚುಕ್ಕಿಯನ್ನು ಧೈರ್ಯವಾಗಿ ಇಡಬಹುದು. ಚಳಿಗಾಲವನ್ನು ಅವರು ಕಳೆದ ರಿಯೊ ಗ್ರಾಂಡೆ ನದಿಯ ದಂಡೆಯ ತಿಗೆಶ್ ಪ್ರದೇಶವೂ, ಅದರ ಪೂರ್ವಕ್ಕಿರುವ ಪೇಕೋಸ್ ಊರೂ ಖಚಿತವೇ. ತಕರಾರು ಶುರುವಾಗುವುದು ಪೇಕೋಸ್ ದಾಟಿದ ಮೇಲೆ.

1541ರ ವಸಂತದಲ್ಲಿ ಅವರಿಗೆ ದಾರಿ ತೋರಿಸಿದವನು 'ತುರ್ಕ' ಎಂದು ಸ್ಪೇನಿನವರು ಕರೆಯುತ್ತಿದ್ದ ಒಬ್ಬ ಮೂಲನಿವಾಸಿ ಸೆರೆಯಾಳು. ಕಿವಿರಾ ಎಂಬ ಸಂಪದ್ಭರಿತ ನಾಡಿಗೆ ಕರೆದೊಯ್ಯುತ್ತೇನೆಂದು ಅವನು ಅವರನ್ನು ಟೆಕ್ಸಾಸ್‌ನ ಬಯಲಿಗೆ ನುಗ್ಗಿಸಿದ. ಬಯಲಿನಲ್ಲಿ ಅವರನ್ನು ಅಲೆದಾಡಿಸಿ ಸೊರಗಿಸುವಂತೆ ಪೇಕೋಸ್ ಜನರೇ ತನಗೆ ಹೇಳಿಕೊಟ್ಟಿದ್ದರೆಂದು ಅವನು ಕೊನೆಗೆ ಒಪ್ಪಿಕೊಂಡನಂತೆ. ಅವನನ್ನು ಕತ್ತು ಹಿಸುಕಿ ಕೊಂದರು. ದಾರಿ ತಪ್ಪಿಸಲೆಂದೇ ಕರೆದೊಯ್ದ ದಾರಿಯನ್ನು, ತಾವೆಲ್ಲಿದ್ದೇವೆಂದು ಆಗಲೇ ತಿಳಿಯದಿದ್ದವರ ಬರಹದಿಂದ ನಾವು ಹುಡುಕಬೇಕಾಗಿದೆ.

ಆ ಬರಹಗಳಲ್ಲಿ ದೊಡ್ಡದು ದಂಡಿನಲ್ಲಿದ್ದ ಪೆದ್ರೊ ದೆ ಕಸ್ತಾನ್ಯೆದಾನದು. ಅದನ್ನು ಅವನು ಬರೆದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. ಮೂಲಪ್ರತಿ ಕಳೆದುಹೋಗಿ, 1596ರಲ್ಲಿ ಸೆವಿಲ್ಲಾದಲ್ಲಿ ಮಾಡಿದ ನಕಲು ಮಾತ್ರ ಉಳಿದಿದೆ. ಸಾವಿರ ಕುದುರೆ, ಐನೂರು ಹಸು, ಐದು ಸಾವಿರಕ್ಕೂ ಮಿಕ್ಕಿದ ಕುರಿಗಳು ನಡೆದುಹೋದರೂ ಆ ಹುಲ್ಲುಬಯಲಿನಲ್ಲಿ ಹೆಜ್ಜೆಯ ಗುರುತೇ ಉಳಿಯುತ್ತಿರಲಿಲ್ಲವೆಂದೂ, ಹಿಂದೆ ಬರುವ ತುಕಡಿಗೆ ದಾರಿ ತಿಳಿಯಲೆಂದು ಅಲ್ಲಲ್ಲಿ ಬೈಸನ್‌ನ ಎಲುಬು ಮತ್ತು ಸಗಣಿಯನ್ನು ಗುಡ್ಡೆ ಹಾಕಬೇಕಾಯಿತೆಂದೂ ಅವನು ಬರೆಯುತ್ತಾನೆ. ಅವರು ಒಂದು ಕಣಿವೆಯಲ್ಲಿ ತಂಗಿದ್ದಾಗ ಬೋಗುಣಿ ಗಾತ್ರದ ಆಲಿಕಲ್ಲು ಬಿದ್ದು ಶಿರಸ್ತ್ರಾಣಗಳು ನೆಗ್ಗಿದವು, ಕುದುರೆಗಳು ಗಾಯಗೊಂಡವು, ಮಡಕೆ ಕುಡಿಕೆಗಳೆಲ್ಲ ಒಡೆದುಹೋದವು. ಕಸ್ತಾನ್ಯೆದಾ ಲೆಕ್ಕವನ್ನೂ ಕೊಡುತ್ತಾನೆ: ಹೆಜ್ಜೆ ಎಣಿಸುವುದಕ್ಕೆಂದೇ ಒಬ್ಬನನ್ನು ನೇಮಿಸಲಾಗಿತ್ತು, ಬಯಲಿನ ಕೊನೆಯ ಬೀಡಿನವರೆಗೆ 37 ದಿನಗಳ ನಡಿಗೆ, ಒಟ್ಟು 250 ಲೆಗುವಾ (ಸ್ಪೇನಿನವರ ಹಳೆಯ ದೂರದ ಅಳತೆ). ಆದರೆ ಯಾವ ಲೆಗುವಾ? ಸುಮಾರು 4.2 ಕಿ.ಮೀ.ಯ ಲೆಗುವಾ ಹಿಡಿದರೆ 1,050 ಕಿ.ಮೀ.; ಜನಸಾಮಾನ್ಯರು ಬಳಸುತ್ತಿದ್ದ ಸುಮಾರು 5.5 ಕಿ.ಮೀ.ಯದನ್ನು ಹಿಡಿದರೆ 1,375 ಕಿ.ಮೀ. ದಾರಿ ಎಷ್ಟು ಸುತ್ತಿ ಬಳಸಿತ್ತೆಂಬುದಂತೂ ಎರಡು ಲೆಕ್ಕದಿಂದಲೂ ತಿಳಿಯುವುದಿಲ್ಲ. ಎಣಿಸಿದವನ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ಅವನ ಸಂಖ್ಯೆಯ ಮೇಲೆ ಭರವಸೆಯಿಲ್ಲ.

ಇಷ್ಟಾಗಿಯೂ ಆ ಬಯಲಿನಲ್ಲಿ ಒಂದು ಚುಕ್ಕಿ ಸಿಕ್ಕಿದೆ, ಅದೂ ಕಾಗದದಿಂದಲ್ಲ. ಟೆಕ್ಸಾಸ್‌ನ ಫ್ಲಾಯ್ಡ್ ಕೌಂಟಿಯಲ್ಲಿ 1960ರ ದಶಕದಲ್ಲಿ ರೈತನೊಬ್ಬನಿಗೆ ಹೊಲದಲ್ಲಿ ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಕೈಗವಸು ಸಿಕ್ಕಿತು. 1990ರ ದಶಕದಲ್ಲಿ ಅಲ್ಲಿನ ಬ್ಲಾಂಕೊ ಕಣಿವೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದಾಗ ಲಾಳದ ಮೊಳೆಗಳ ಜೊತೆಗೆ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲು) ಬಾಣಗಳ ತಾಮ್ರದ ಮೊನೆಗಳು ದೊರೆತವು. ನಿರ್ಣಾಯಕವಾದದ್ದು ಈ ಮೊನೆಗಳೇ: 1580ರ ನಂತರ ಈ ಸೀಮೆಗೆ ಬಂದ ಸ್ಪೇನಿನ ತಂಡಗಳ ಹೊತ್ತಿಗೆ ಕ್ರಾಸ್‌ಬೋ ಬಳಕೆ ತಪ್ಪಿ, ಬಂದೂಕು ಅದರ ಜಾಗ ಹಿಡಿದಿತ್ತು. ಈ ಮೊನೆಗಳು ಸಿಗುವ ಮೊದಲು, ದಂಡು ತಂಗಿದ್ದ ಕಣಿವೆ ಯಾವುದೆಂಬ ವಿಷಯದಲ್ಲಿ ಇತಿಹಾಸಕಾರರು ಉತ್ತರದ ಪಾಲೊ ಡ್ಯೂರೊ ಮತ್ತು ಟ್ಯೂಲ್ ಕಣಿವೆಗಳ ಪರವಾಗಿ ಸೊಗಸಾದ ವಾದಗಳನ್ನು ಹೂಡಿದ್ದರು. ಒಂದು ಹಿಡಿ ಮೊನೆಗಳು ಆ ವಾದಗಳ ಬಲ ಕುಂದಿಸಿದವು.

ಹಾವಿಕು ತಲುಪುವ ಮೊದಲು ಅವರು ದಾಟಿದ ಅರಿಜೋನಾದ ಕಡೆಯೂ ಇದೇ ಪಾಡು. ದಂಡು ಸ್ಯಾನ್ ಪೆದ್ರೊ ಕಣಿವೆಯಲ್ಲಿ ಬಂದಿತೆಂಬ ಊಹೆಯ ಆಧಾರದಲ್ಲಿ, ಆ ಕಣಿವೆಯ ಕಡೆಗೆ ನೋಟ ಹರಿಯುವ ಬೆಟ್ಟದಲ್ಲಿ 1952ರಲ್ಲಿ ರಾಷ್ಟ್ರೀಯ ಸ್ಮಾರಕವೇ ಸ್ಥಾಪನೆಯಾಯಿತು. ಈಚೆಗೆ ಪಶ್ಚಿಮದ ಸಾಂತಾ ಕ್ರೂಜ್ ಕೌಂಟಿಯಲ್ಲಿ ಆ ದಂಡಿನದೆಂದು ಗುರುತಿಸಲಾದ ಕಂಚಿನ ಗೋಡೆಬಂದೂಕು (ಗೋಡೆಯಂಥ ಆಸರೆಯ ಮೇಲಿಟ್ಟು ಹಾರಿಸುವ ದೊಡ್ಡ ಬಂದೂಕು) ಸಿಕ್ಕ ಮೇಲೆ ಆ ಊಹೆಯನ್ನು ಮತ್ತೆ ಕೆದಕಲಾಗುತ್ತಿದೆ. ದಾರಿಗೆ ರಾಷ್ಟ್ರೀಯ ಐತಿಹಾಸಿಕ ಪಥದ ಮನ್ನಣೆ ಕೊಡಬಹುದೇ ಎಂದು ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಅಧ್ಯಯನ ನಡೆಸಿ, ಪಥ ಎಲ್ಲಿತ್ತೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 1992ರಲ್ಲಿ ವರದಿ ಕೊಟ್ಟಿತ್ತು. ಸರ್ಕಾರಿ ವರದಿಯೊಂದು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅಪರೂಪ.

ಆದ್ದರಿಂದ ನಿನ್ನ ನಕ್ಷೆಯಲ್ಲಿ ಹಾವಿಕು, ತಿಗೆಶ್, ಪೇಕೋಸ್, ಬ್ಲಾಂಕೊ ಕಣಿವೆಗಳನ್ನು ಗಾಢವಾಗಿ ಗುರುತಿಸು. ಕಿವಿರಾವನ್ನು ಕಾನ್ಸಾಸ್‌ನ ನಡುಭಾಗದಲ್ಲಿ ಬಿಂದುವಾಗಿ ಅಲ್ಲ, ಅಗಲವಾದ ಪ್ರದೇಶವಾಗಿ ತೋರಿಸು. ಪೇಕೋಸ್ ಬಿಟ್ಟ ಮೇಲೆ ಅವರು ನಾಲ್ಕು ದಿನ ದುಡಿದು ಕಟ್ಟಿದ ಸೇತುವೆ ಪೇಕೋಸ್ ನದಿಯ ಮೇಲಿತ್ತೆಂದು ಕೆಲವರೂ ಕನೇಡಿಯನ್ ನದಿಯ ಮೇಲಿತ್ತೆಂದು ಕೆಲವರೂ ವಾದಿಸುತ್ತಾರೆ; ನಾನು ಪೇಕೋಸ್ ಕಡೆಗೆ ವಾಲಿದ್ದೇನಾದರೂ ನೀನು ಎರಡು ಕಡೆಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿ, ನಕ್ಷೆಯ ಒಂದು ಪ್ರತಿಯನ್ನು ನನಗೂ ಕಳಿಸು.

ನಿನ್ನ,
ಅನಂತ