ವಾಲಿಗೆ ಸಿಕ್ಕ ಉತ್ತರ ನನಗೂ ಸಿಗಲಿ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ, ಉಡುಪಿಯಿಂದ ನಮಸ್ಕಾರಗಳು.

ನಾನು ಬ್ಯಾಂಕಿನ ಕೌಂಟರಿನಲ್ಲಿ 31 ವರ್ಷ ಕೂತು ನಿವೃತ್ತನಾದವ. ಚೆಕ್ ವಾಪಸಾದರೆ ಅದಕ್ಕೊಂದು ಮೆಮೊ ಲಗತ್ತಿಸಿ ಕಾರಣ ಬರೆದು ಕೊಡುತ್ತಿದ್ದೆವು. ಹಣ ಸಾಲದು, ಸಹಿ ತಾಳೆಯಾಗುವುದಿಲ್ಲ, ತಾರೀಕು ಸರಿಯಿಲ್ಲ. ಇನ್ನೂರು ರೂಪಾಯಿಯ ಚೆಕ್ಕಿಗೂ ಆ ಮರ್ಯಾದೆ ಇತ್ತು. ನನ್ನ ಹನ್ನೊಂದು ವರ್ಷದ ಕೆಲಸವಾದ ಜಾಲತಾಣಕ್ಕೆ ಸರಕಾರದ ಬೀಗ ಬಿದ್ದು ಒಂಬತ್ತು ತಿಂಗಳಾಯಿತು, ಮೆಮೊ ಬಂದಿಲ್ಲ.

ನನ್ನ ಅಪ್ಪನಿಗೆ ತಾಳಮದ್ದಳೆಯ ಹುಚ್ಚು, ಅಂದರೆ ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಯಾರ ಮನೆಯ ಚಾವಡಿಯಲ್ಲಿ ಕೂಟವಿದ್ದರೂ ಟೇಪ್ ರೆಕಾರ್ಡರನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ಹೊರಡುತ್ತಿದ್ದರು. ತಾವು ನೆನೆದರೂ ಅದು ನೆನೆಯಬಾರದು. ಅವರು ಬಿಟ್ಟುಹೋದದ್ದು 340 ಕ್ಯಾಸೆಟ್. ಅರ್ಧಕ್ಕರ್ಧ ಬೂಸ್ಟು ಹಿಡಿದಿತ್ತು. ಒಂದೊಂದನ್ನೂ ಬಿಚ್ಚಿ, ಟೇಪನ್ನು ಹತ್ತಿಯಲ್ಲಿ ಒರೆಸಿ, ಬೇರೆ ಕ್ಯಾಸೆಟ್ಟಿಗೆ ಸುತ್ತಿ, ಕಂಪ್ಯೂಟರಿಗೆ ಇಳಿಸಿದೆ. ಪಾತ್ರದ ಮಾತನ್ನು, ಅಂದರೆ ಅರ್ಥವನ್ನು, ಹೇಳುವ ಅರ್ಥಧಾರಿಗಳ, ಹಾಡುವ ಭಾಗವತರ ಮನೆಗಳಿಗೆ ಹೋಗಿ ಒಪ್ಪಿಗೆ ಬರೆಸಿಕೊಂಡೆ. ಆಮೇಲೆ ಒಂದು ಜಾಲತಾಣ ಮಾಡಿದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಯಾರು ಕೇಳಿದರೆಂಬ ಲೆಕ್ಕವೂ ಇಲ್ಲ. ಮಂಗಳೂರಿನ ನಾಲ್ಕೈದು ಮಕ್ಕಳು ಆ ಅರ್ಥಗಾರಿಕೆ ಕೇಳಿ ಲಿನೊ ಎಂಬ ಅಚ್ಚಿನ ಹಾಳೆಯಲ್ಲಿ ಚಿತ್ರ ಕೊರೆದು ಅಲ್ಲೇ ಹಾಕುತ್ತಿದ್ದರು. ಗ್ಯಾಲರಿ ಬಾಡಿಗೆ ಕೊಡುವ ತಾಕತ್ತು ಅವರಿಗೆಲ್ಲಿ?

ಒಂದು ಬೆಳಿಗ್ಗೆ ತೆರೆದರೆ ಬಿಳಿ ಪುಟ. ಸರಕಾರದ ನಿರ್ದೇಶನದಂತೆ ತಡೆಹಿಡಿಯಲಾಗಿದೆ ಎಂದು ಒಂದು ಸಾಲು, ಅಷ್ಟೆ. ಅಬುಧಾಬಿಯಲ್ಲಿರುವ ಅಕ್ಕನ ಮಗ ಈಗಲೂ ಆರಾಮಾಗಿ ಕೇಳುತ್ತಾನೆ. ಉಡುಪಿಯ ತಾಳಮದ್ದಳೆ ಉಡುಪಿಯಲ್ಲಿ ಮಾತ್ರ ಕೇಳುವುದಿಲ್ಲ!

ಇಂಟರ್ನೆಟ್ ಕಂಪನಿಯ ಸೇವಾ ಕೇಂದ್ರಕ್ಕೆ ಹೋದೆ. ಹೆಸರು ಬೇಡ. ಟೋಕನ್ ಹಿಡಿದು ಒಂದೂವರೆ ಗಂಟೆ ಕಾದ ಮೇಲೆ ಕೌಂಟರಿನ ಹುಡುಗ ಪರದೆ ನೋಡಿ, ಇಡೀ ಹಾಲಿಗೆ ಕೇಳುವಂತೆ, "ಅಂಕಲ್, ಇದು ಗವರ್ನಮೆಂಟ್ ಬ್ಲಾಕ್. ನೀವು ಅದರಲ್ಲಿ ಎಂತ ಹಾಕ್ತಿದ್ರಿ?" ಎಂದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ಎರಡು ಹೆಜ್ಜೆ ಆಚೆ ಸರಿದು ನಿಂತರು. ವಾಲಿಯ ಅರ್ಥ ಹಾಕುತ್ತಿದ್ದೆ ಮಗಾ ಎಂದು ಹೇಳಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ವಾರದೊಳಗೆ ನಮ್ಮ ಓಣಿಯಲ್ಲಿ ಸುದ್ದಿ: ಬ್ಯಾಂಕಿನವರು ಇಂಟರ್ನೆಟ್ಟಿನಲ್ಲಿ ಎಂತದೋ ಹಾಕಿ ಸಿಕ್ಕಿಬಿದ್ದರಂತೆ. ಈಗ ರಥಬೀದಿಯಲ್ಲಿ ಪರಿಚಯದವರು ಎದುರು ಸಿಕ್ಕಿದರೆ ನಾನೇ ಚಪ್ಪಲಿ ನೋಡಿಕೊಂಡು ನಡೆಯುತ್ತೇನೆ.

ಸರ್ವರ್ ಬಾಡಿಗೆಗೆ ಕೊಟ್ಟವನ ಊಹೆ ಹೀಗಿದೆ: ಅದೇ ಐಪಿ ವಿಳಾಸದಲ್ಲಿ ನನ್ನಂಥ ಎಷ್ಟೋ ತಾಣಗಳಿವೆ, ಯಾವುದೋ ಒಂದು ಜೂಜಿನದಿರಬೇಕು, ವಿಳಾಸವನ್ನೇ ತಡೆದಿದ್ದಾರೆ. ವಠಾರದ ಒಂದು ಕೋಣೆಯಲ್ಲಿ ಜುಗಾರಿ ಆಡಿದರೆಂದು ಇಡೀ ವಠಾರಕ್ಕೆ ಬೀಗ. ಇದೂ ಊಹೆಯೇ, ಯಾಕೆಂದರೆ ಆದೇಶ ಕಂಡವರಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಬಂದ ಉತ್ತರ: ಗೌಪ್ಯ.

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಾಣ ತಡೆಯುವ ಬಗೆಗಿನ 2009ರ ನಿಯಮಗಳಲ್ಲಿ ನೋಟಿಸು, ಉತ್ತರಕ್ಕೆ ಕನಿಷ್ಠ 48 ಗಂಟೆ ಎಲ್ಲ ಇದೆ. 16ನೇ ನಿಯಮ ಅದರ ಮೇಲೆ ಗುಟ್ಟಿನ ಚಾದರ ಹೊದೆಸುತ್ತದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯಲ್ಲಿ ಆನ್‌ಲೈನ್ ಮಾತಿಗೆ ಶಿಕ್ಷೆ ಕೊಡುವ ಕಲಂ 66ಎ ಕಿತ್ತುಹಾಕಿಯೂ ತಾಣ ತಡೆಯುವ ಅಧಿಕಾರದ 69ಎ ಉಳಿಸಿದ್ದು, ಕಾರಣ ಬರೆದಿಡಬೇಕು, ಬರೆದವನ ಮಾತು ಕೇಳಬೇಕು ಎಂಬ ಕಟ್ಟುಪಾಡು ಇದೆಯೆಂದೇ ಅಲ್ಲವೇ? ವರದಕ್ಷಿಣೆಯನ್ನು ಗೇಲಿ ಮಾಡುವ ತಾಣವೊಂದನ್ನು ಮುಚ್ಚಿದಾಗ, ಮಾಡಿದವನಿಗೆ ಆದೇಶದ ಪ್ರತಿ ಕೊಡಿ, ಅವನ ಮಾತು ಕೇಳಿ ಎಂದು ದೆಹಲಿ ಹೈಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಅವರು ಕೋರ್ಟಿಗೆ ಹೋದರು. ನನ್ನ ಪಿಂಚಣಿಯಲ್ಲಿ ದೆಹಲಿಯ ವಕೀಲರು ಬರುವುದಿಲ್ಲ. 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದಾಗಲೂ 48 ಗಂಟೆ ಎಂದಾದರೂ ಹೇಳಿದ್ದರು. ಆದೇಶದ ಪ್ರತಿ ಕೊಡಿಸಿ ಸ್ವಾಮಿ.

ಅಪ್ಪನ ಒಂದು ಕ್ಯಾಸೆಟ್ಟಿನಲ್ಲಿ ಎದೆಗೆ ಬಾಣ ಬಿದ್ದ ವಾಲಿ ಮುಕ್ಕಾಲು ಗಂಟೆ ಮಾತಾಡುತ್ತಾನೆ. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಧೋ ಎಂದು ಮಳೆ, ಯಾರೋ ಕೆಮ್ಮುತ್ತಾರೆ. ಎದುರು ಬರದೆ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾಕೆ ಎಂದು ಕೇಳುತ್ತಾನೆ. ರಾಮ ಎದುರು ಬಂದು ನಿಲ್ಲುತ್ತಾನೆ, ತಮ್ಮನ ಹೆಂಡತಿಯ ವಿಷಯ ಎತ್ತುತ್ತಾನೆ, ವಾದಕ್ಕೆ ವಾದ ಕೊಡುತ್ತಾನೆ. ಅವನ ಉತ್ತರ ಸರಿಯೋ ತಪ್ಪೋ, ಅದರ ಮೇಲೆ ಚಾವಡಿಗಳಲ್ಲಿ ಬೆಳಗಾದದ್ದುಂಟು. ಉತ್ತರವನ್ನಾದರೂ ಕೊಟ್ಟ. ನಿಮ್ಮ ದೆಹಲಿಯವರು ಮರದ ಹಿಂದಿನಿಂದ ಇನ್ನೂ ಹೊರಬಂದಿಲ್ಲ.

ಕಾರ್ಕಳದ ನನ್ನ ಅತ್ತೆಗೆ 82. ರಾತ್ರಿ ಅರ್ಥ ಕೇಳದೆ ನಿದ್ದೆ ಬಾರದು. ಕೊನೆಗೆ ಅವರ ಮೊಬೈಲಿಗೆ, ಬೇರೆ ಕಡೆಯ ಸರ್ವರ್ ಮೂಲಕ ಹಾದು ತಡೆ ದಾಟಿಸುವ ವಿಪಿಎನ್ ಹಾಕಿಕೊಟ್ಟೆ, ಒತ್ತಬೇಕಾದ ಜಾಗ ಗೊತ್ತಾಗಲೆಂದು ಕಾಗದದಲ್ಲಿ ಬಾಣದ ಗುರುತು ಬರೆದು ಗೋಡೆಗೆ ಅಂಟಿಸಿದೆ. "ಪೊಲೀಸರು ಬರ್ತಾರಾ ಮಾರಾಯ?" ಎಂದು ಕೇಳಿದರು. ಇಲ್ಲ ಅತ್ತೆ, ವಿಪಿಎನ್ ಬಳಸುವುದು ಅಪರಾಧವಲ್ಲ ಎಂದೆ. ಆದರೆ ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿ ಗಿರಾಕಿಯ ಹೆಸರು, ವಿಳಾಸ, ಯಾಕೆ ಬಳಸುತ್ತಾರೆಂಬ ಕಾರಣ ಎಲ್ಲವನ್ನೂ ಐದು ವರ್ಷ ಇಡಬೇಕು. ಅದಕ್ಕೇ ಕೆಲವು ಕಂಪನಿಗಳು ಇಲ್ಲಿನ ಸರ್ವರ್ ಕಿತ್ತುಕೊಂಡು ಹೋದವು. ನನ್ನ ತಾಣದಲ್ಲಿ ಅತ್ತೆಯ ಹೆಸರು ನನಗೇ ಬೇಕಿರಲಿಲ್ಲ. ವಾಲಿಯ ಅರ್ಥ ಕೇಳುವುದಕ್ಕೆ ಅವರು ಕಾರಣ ಕೊಡಬೇಕು, ಅದನ್ನು ಮುಚ್ಚಿದವರು ಕೊಡಬೇಕಾಗಿಲ್ಲ. ಭಾರೀ ನ್ಯಾಯ!

ತಾಣವನ್ನು ನಾಳೆಯೇ ತೆರೆಸಿ ಎಂದು ಕೇಳುತ್ತಿಲ್ಲ. ಆದೇಶದ ಪ್ರತಿ ಕೊಡಿಸಿ. ತಪ್ಪಿದ್ದರೆ ಯಾವ ಕ್ಯಾಸೆಟ್ಟಿನ ಯಾವ ಮಾತು ಎಂದು ತೋರಿಸಲಿ, ಕೂತು ಕೇಳುವ, ವಾದ ಮಾಡುವ. ತಪ್ಪು ನನ್ನದಲ್ಲ ಎಂದಾದರೆ ಅದನ್ನೂ ಬರೆದು ಕೊಡಲಿ, ಆ ಸೇವಾ ಕೇಂದ್ರದ ಗೋಡೆಗೆ ನಾನೇ ಅಂಟಿಸಿ ಬರುತ್ತೇನೆ. ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ, ಇಲ್ಲವೇ ಸಚಿವರಿಗೊಂದು ಕಾಗದ ಬರೆಯಿರಿ. ಹೇಗಾದರೂ ಸರಿ, ಆದೇಶದ ಪ್ರತಿ ಕೊಡಿಸಿ.

ಇದೇ ಪತ್ರವನ್ನು ಸೋಮವಾರ ನಿಮ್ಮ ಕಚೇರಿಗೂ ತರುತ್ತೇನೆ. ನನ್ನ ಪ್ರತಿಯ ಮೇಲೆ ಒಂದು ಸೀಲು ಹಾಕಿ, ತಾರೀಕು ಬರೆದು ಕೊಡಲು ಹೇಳಿರಿ.

ಇತಿ,
ಒಬ್ಬ ನಿವೃತ್ತ ಗುಮಾಸ್ತ, ಉಡುಪಿ