ಕನಿಷ್ಠ ಕೂಲಿ ಕೊಡದೆ ಜನ ಸಿಗೋದಿಲ್ಲ ಅಂದ್ರೆ ಹೇಗೆ?

ಸಂಪಾದಕರಿಗೆ ನಮಸ್ಕಾರ,

ಕನಿಷ್ಠ ಕೂಲಿ ಏರಿಸಿದ್ರೆ ಸಣ್ಣ ಹೋಟ್ಲು, ಅಂಗಡಿ ಬಾಗ್ಲು ಹಾಕ್ಬೇಕಾಗ್ತದೆ ಅಂತ ಕಾರವಾರದಲ್ಲಿ ಮಾಲೀಕರು ಹೇಳೋದು ಕೇಳ್ತಾನೇ ಇರ್ತೇವೆ. ಅವರ ಕಷ್ಟ ಸುಳ್ಳಲ್ಲ, ಮಳೆಗಾಲದಲ್ಲಿ ಟೂರಿಸ್ಟ್ ಕಡ್ಮೆ, ಜೂನ್ ಜುಲೈಲಿ ಮೀನು ಹಿಡಿಯೋ ಟ್ರಾಲ್ ಬೋಟೂ ಬಂದ್, ಆದ್ರೆ ಬಾಡಿಗೆ ಕರೆಂಟ್ ಬಿಲ್ ನಿಲ್ಲೋದಿಲ್ಲ. ಆದ್ರೂ ಇಲ್ಲಿ ಸಂಬ್ಳ ಸಾಲದೆ ನಮ್ಮ ಹುಡುಗ್ರು ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗ್ತಾರೆ, ಆಮೇಲೆ ಮಾಲೀಕರು ಕೆಲ್ಸಕ್ಕೆ ಜನ ಸಿಗೋದಿಲ್ಲ ಅಂತಾರೆ, ಹೊಸಬರಿಗೆ ಕಲಿಸೋದ್ರಲ್ಲಿ ಹೋಗೋ ದುಡ್ಡು ಯಾರೂ ಲೆಕ್ಕ ಹಾಕೋದಿಲ್ಲ.

ಶಿರಸಿ ಕಡೆ ಅಡಿಕೆ ಸುಲಿಯೋ ಹೆಂಗಸರಿಗೆ ಸುಲಿದಷ್ಟಕ್ಕೆ ಕೂಲಿ. ಹೀಗೆ ಕೊಡೋ ಕೂಲಿಗೂ ಕನಿಷ್ಠ ದರ ಗೊತ್ತು ಮಾಡೋ ಅವಕಾಶ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಇದು ಎಷ್ಟು ಜನ ಹೆಂಗಸರಿಗೆ ಗೊತ್ತು?

ಕೂಲಿಯವರ ಕೈಗೆ ನೂರು ರೂಪಾಯಿ ಜಾಸ್ತಿ ಬಂದ್ರೆ ಅದು ಇಲ್ಲಿನ ಸಂತೆಗೆ, ಕಿರಾಣಿ ಅಂಗಡಿಗೇ ಹೋಗ್ತದೆ ಅಲ್ವಾ. ಐದು ವರ್ಷದೊಳಗೆ ದರ ಪರಿಷ್ಕರಣೆ ಆಗ್ಬೇಕು ಅಂತ ಕಾನೂನಲ್ಲಿದೆ, ಕೊನೇವರೆಗೆ ಕಾದು ಒಂದೇ ಸಲ ಏರಿಸೋ ಬದ್ಲು ವರ್ಷವರ್ಷ ಸ್ವಲ್ಪ ಸ್ವಲ್ಪ ಏರಿಸಿದ್ರೆ ಸಣ್ಣ ಮಾಲೀಕರಿಗೂ ತಡ್ಕೊಳ್ಳೋಕೆ ಆಗ್ತದೆ. ಕಾರ್ಮಿಕ ಇಲಾಖೆಯವರು ದರದ ಪಟ್ಟಿನ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಅಂಟಿಸ್ಲಿ.

– ಓದುಗ, ಕಾರವಾರ