ಕನ್ನಡ ಹಾಕಿದರೆ ಸಾಲದು, ಪರದೆಯ ಮೇಲೆ ಅಳತೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಆಪ್‌ಗಳಲ್ಲಿ ಕನ್ನಡ ಬೇಕು ಅಂತ ತುಂಬಾ ಜನ ಕೇಳುತ್ತಿದ್ದಾರೆ, ಕೇಳಲೇಬೇಕು. ಆದರೆ ಬಂದ ಕನ್ನಡ ಪರದೆಯ ಮೇಲೆ ನೆಟ್ಟಗೆ ಕಾಣುತ್ತಿದೆಯಾ ಅಂತಲೂ ಕೇಳಬೇಕಲ್ವಾ? ನಾನು ಆಪ್ ಬರೆಯುವ ಕೆಲಸದಲ್ಲೇ ಇರುವವನು, ಅದಕ್ಕೇ ಈ ಪತ್ರ.

ಬಿಲ್ ಕಟ್ಟುವ ಒಂದು ಆಪ್‌ನಲ್ಲಿ ‘ಒಟ್ಟು ಮೊತ್ತ’ ಅನ್ನುವುದು ‘ಒಟು ಮೊತ’ ಅಂತ ಕಾಣುತ್ತದೆ. ಅನುವಾದ ಸರಿ ಇದೆ, ಫಾಂಟೂ ಸರಿ ಇದೆ. ಎಡವಟ್ಟಾಗಿರುವುದು ಎತ್ತರದಲ್ಲಿ. ಇಂಗ್ಲಿಷ್ ಅಕ್ಷರ ಹಾಕಿ ನೋಡಿದ್ದಾರೆ, ಚೆನ್ನಾಗಿ ಕೂತಿದೆ, ಅಷ್ಟೇ ಎತ್ತರ ಸಾಕು ಅಂತ ಕೋಡ್‌ನಲ್ಲಿ ಖಾಯಂ ಮಾಡಿಬಿಟ್ಟಿದ್ದಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಜಾಗ ಸಾಲದಿದ್ದರೆ ಮೊದಲು ಮಾಯವಾಗುವುದು ಅದೇ.

ಕೋಡ್‌ನಲ್ಲಿ ಬರೆದ ಸೈಜೇ ಬೇರೆ, ಪರದೆಯ ಮೇಲೆ ಬರುವ ಸೈಜೇ ಬೇರೆ. ಆಂಡ್ರಾಯ್ಡ್‌ನಲ್ಲಿ ಕೋಡ್‌ನಲ್ಲಿ ಬರೆಯುವ ಅಳತೆಗೆ ಡಿಪಿ ಅಂತಾರೆ. 1 ಡಿಪಿ ಅಂದರೆ 160 ಡಿಪಿಐ (ಇಂಚಿಗೆ 160 ಚುಕ್ಕಿ) ಪರದೆಯಲ್ಲಿ 1 ಪಿಕ್ಸೆಲ್, ಅಂದರೆ ಒಂದು ಚುಕ್ಕಿ, 480 ಡಿಪಿಐ ಪರದೆಯಲ್ಲಿ 3. ಇದರ ಮೇಲೆ ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಂಡ್ರಾಯ್ಡ್ 14ರಿಂದ ಅದು ಶೇ 200ರವರೆಗೂ ಹೋಗುತ್ತದೆ. ಹಾಗಾಗಿ ಆಪ್ ಓಡುತ್ತಿರುವಾಗಲೇ ಅಳೆಯಬೇಕು. ಅದಕ್ಕೂ ಹೊತ್ತು ಗೊತ್ತು ಇದೆ. ಆನ್‌ಕ್ರಿಯೇಟ್‌ನಲ್ಲಿ, ಅಂದರೆ ಪುಟ ಆಗಷ್ಟೇ ತಯಾರಾಗುತ್ತಿರುವ ಹಂತದಲ್ಲಿ ನಿಂತು ಬಟನ್‌ನ ಅಗಲ ಎಷ್ಟು ಅಂತ ಕೇಳಿದರೆ ಸೊನ್ನೆ ಅನ್ನುತ್ತದೆ, ಯಾಕೆಂದರೆ ಸಿಸ್ಟಂ ಅದನ್ನು ಇನ್ನೂ ಅಳೆದು ಜೋಡಿಸಿಯೇ ಇರುವುದಿಲ್ಲ. ಲೇಔಟ್, ಅಂದರೆ ಈ ಅಳೆದು ಜೋಡಿಸುವ ಕೆಲಸ ಮುಗಿಯುವ ತನಕ ಕಾದು, ಅದಕ್ಕೆಂದೇ ಇರುವ ಡೂಆನ್‌ಲೇಔಟ್ ಅನ್ನುವ ಕೋಡ್ ಒಳಗೆ ಕೇಳಿದರೆ ನಿಜವಾದ ಲೆಕ್ಕ ಸಿಗುತ್ತದೆ. ಆಮೇಲೆ ಒಳಗಿನ ಅಕ್ಷರಗಳಿಗೆ ಬೇಕಾದ ಎತ್ತರವನ್ನೂ ಅವು ಕೂರುವ ಪೆಟ್ಟಿಗೆಯ ಎತ್ತರವನ್ನೂ ಹೋಲಿಸಿದರೆ ಎಲ್ಲೆಲ್ಲಿ ಕತ್ತರಿ ಬಿದ್ದಿದೆ ಅಂತ ಟೆಸ್ಟೇ ಹೇಳಿಬಿಡುತ್ತದೆ, ಕನ್ನಡ ಬಾರದವರು ಕೂಡ ಹಿಡಿಯಬಹುದು. ವೆಬ್‌ನಲ್ಲೂ ಅಷ್ಟೇ. ಕನ್ನಡ ಫಾಂಟ್ ಡೌನ್‌ಲೋಡ್ ಆಗುವ ಮುಂಚೆ ಅಳೆದರೆ ಸಿಗುವುದು ಬೇರೆ ಯಾವುದೋ ಫಾಂಟಿನ ಅಳತೆ, ಸುಮ್ನೆ ದಂಡ.

ಇನ್ನೊಂದು ವಿಷಯ. ಆಂಡ್ರಾಯ್ಡ್ 15ಕ್ಕೆ ಅಂತ ಸಿದ್ಧಮಾಡಿದ ಆಪ್‌ಗಳಲ್ಲಿ ಕನ್ನಡ, ತಮಿಳು, ಮಲಯಾಳಂನಂಥ ಲಿಪಿಗಳಿಗೆ ಜಾಸ್ತಿ ಎತ್ತರ ತಾನಾಗೇ ಸಿಗುತ್ತದೆ. ಇದು ಬಹಳ ಒಳ್ಳೆಯ ಬದಲಾವಣೆ. ಆದರೆ ಪೆಟ್ಟಿಗೆಯ ಎತ್ತರ ಹಳೆಯದೇ ಇದ್ದರೆ ಅಕ್ಷರ ಇನ್ನಷ್ಟು ಕತ್ತರಿಸಿಹೋಗಬಹುದು. ಅಕ್ಷರಕ್ಕೆ ತಕ್ಕಂತೆ ಪೆಟ್ಟಿಗೆ ಬೆಳೆಯಲು ಬಿಡಿ, ಕನಿಷ್ಠ ಎತ್ತರ ಮಾತ್ರ ಹೇಳಿ. ಕೆಲಸ ದೊಡ್ಡದೇನಲ್ಲ.

ಸರ್ಕಾರಿ ಆಪ್‌ಗಳ ಟೆಂಡರ್‌ನಲ್ಲಿ ‘ಕನ್ನಡ ಇರಬೇಕು’ ಅಂತ ಬರೆದು ಕೈತೊಳೆದುಕೊಳ್ಳಬಾರದು. ಅಕ್ಷರವನ್ನು ಅತಿ ದೊಡ್ಡದು ಮಾಡಿ, ಚಿಕ್ಕ ಪರದೆಯ ಫೋನಿನಲ್ಲೂ ಪ್ರತಿ ಪುಟ ಪರೀಕ್ಷಿಸಿರಬೇಕು ಅಂತಲೂ ಸೇರಿಸಲಿ. ಓದುಗರಲ್ಲೂ ಒಂದು ಕೋರಿಕೆ. ಒತ್ತು ಕತ್ತರಿಸಿದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಆಪ್‌ನವರಿಗೆ ಕಳಿಸಿ, ಜೊತೆಗೆ ಫೋನಿನ ಮಾಡೆಲ್ ಮತ್ತು ಅಕ್ಷರದ ಸೈಜು ಎಷ್ಟಿಟ್ಟಿದ್ದೀರಿ ಅಂತಲೂ ಬರೆಯಿರಿ. ಆ ಎರಡು ಗೊತ್ತಾದರೆ ನಮ್ಮಂಥವರಿಗೆ ಹುಡುಕುವುದು ಸಲೀಸು.

– ಒಬ್ಬ ಆಪ್ ಡೆವಲಪರ್, ಮೈಸೂರು